ಸಲೂನಿಗೆ ಹೆದರಿ ಕಾಡು ಸೇರಿದ ಊರು

1872. ನೀವು ಮಿಸಿಸಿಪ್ಪಿ ರಾಜ್ಯದ ಪೈಕ್ ಕೌಂಟಿಯ ಪೈನ್ ಕಾಡಿನಲ್ಲಿದ್ದೀರಿ. ಮೂಗಿಗೆ ಮರದ ಅಂಟಿನ ಘಾಟು, ಕಾಲಡಿ ಒಣಗಿದ ಸೂಜಿ ಎಲೆಗಳ ಹಾಸು. ಕಾಡನ್ನು ಸೀಳಿಕೊಂಡು ಹೋದ ಹಳಿಯ ಮೇಲೆ ಕೂತು ಅಳೆದು ನೋಡಿ, ಅಗಲ 5 ಅಡಿ. ಉತ್ತರದ ಗಾಡಿಗಳದು 4 ಅಡಿ ಎಂಟೂವರೆ ಇಂಚು, ಅವು ಇಲ್ಲಿ ಓಡಲಾರವು. ಅಂತರ್ಯುದ್ಧದಲ್ಲಿ ಸೋತು ಏಳು ವರ್ಷವಾದರೂ ದಕ್ಷಿಣ ತನ್ನ ಅಳತೆ ಬಿಟ್ಟುಕೊಟ್ಟಿಲ್ಲ.

ಏಳಿ, ಹಳಿ ನಡುಗುತ್ತಿದೆ. ನ್ಯೂ ಆರ್ಲಿಯನ್ಸ್ ಕಡೆಯಿಂದ ಗಾಡಿ ಬರುತ್ತಿದೆ, ನೂರು ಮೈಲಿಗೂ ಹೆಚ್ಚು ದೂರದಿಂದ. ಅಲ್ಲಿದ್ದ ರೈಲ್ವೆ ವರ್ಕ್‌ಶಾಪ್ ಇನ್ನು ಮೇಲೆ ಇಲ್ಲಿ. ಕಾರಣ ಕೇಳಿದರೆ ನಗು ಬರುತ್ತದೆ: ಅಲ್ಲಿ ಸಲೂನುಗಳು, ಅಂದರೆ ಹೆಂಡದಂಗಡಿಗಳು, ಜಾಸ್ತಿ; ಕೆಲಸಗಾರರು ಕುಡಿದು ಕೆಡುತ್ತಾರೆ! ಹೀಗೆಂದು ತೀರ್ಮಾನಿಸಿದವನು ರೈಲ್ವೆಯ ಅಧ್ಯಕ್ಷ ಹೆನ್ರಿ ಸಿಂಪ್ಸನ್ ಮೆಕೋಮ್. ಡೆಲವೇರ್‌ನ ವಿಲ್ಮಿಂಗ್ಟನ್ನಿನವನು, ಚರ್ಮದ ವ್ಯಾಪಾರಿ, ಯುದ್ಧದಲ್ಲಿ ಉತ್ತರದ ಸೈನ್ಯಕ್ಕೆ ಡೇರೆ ಪೂರೈಸಿದವನು. ಸೋತ ದಕ್ಷಿಣದ ಹೊಸ ಊರಿಗೆ ಗೆದ್ದ ಕಡೆಯವನ ಹೆಸರು ಬಿತ್ತು. ಎಲಿಜಬೆತ್‌ಟೌನ್, ಬರ್ಗ್ಲಂಡ್, ಹಾರ್ವೀಟೌನ್ ಎಂಬ ಸಣ್ಣ ವಸತಿಗಳು ಅದರೊಳಗೆ ಸೇರಿಹೋದವು.

ಈಗ ಅದೇ ವರ್ಷದ ಸೆಪ್ಟೆಂಬರ್ 4ಕ್ಕೆ, ನ್ಯೂಯಾರ್ಕಿನ ಬೀದಿಗೆ ಬನ್ನಿ. ಹುಡುಗರು 'ಸನ್' ಪತ್ರಿಕೆ ಮಾರುತ್ತಿದ್ದಾರೆ, ಒಂದು ಕೊಳ್ಳಿ. ಯೂನಿಯನ್ ಪೆಸಿಫಿಕ್ ರೈಲು ಹಾದಿ ಕಟ್ಟಿದ ಕ್ರೆಡಿಟ್ ಮೊಬಿಲಿಯೇರ್ ಕಂಪನಿಯ ಷೇರುಗಳನ್ನು ಕಾಂಗ್ರೆಸ್ಸಿನ ಸದಸ್ಯರಿಗೆ ಅಗ್ಗಕ್ಕೆ ಹಂಚಿದ ಕಥೆ ಬಯಲಾಗಿದೆ. ಹಂಚಿದವನು ಓಕ್ಸ್ ಏಮ್ಸ್, ತಾನೂ ಕಾಂಗ್ರೆಸ್ ಸದಸ್ಯ. ಪುರಾವೆ ಅವನೇ ಬರೆದ ಪತ್ರಗಳು. ಬರೆದದ್ದು ಯಾರಿಗೆ? ನಮ್ಮ ಮೆಕೋಮ್‌ಗೆ! ತನಗೆ ಬರಬೇಕಾದ ಷೇರು ಬರಲಿಲ್ಲವೆಂದು ಅವನು ಕೋರ್ಟಿಗೆ ಹೋಗಿದ್ದ. ಪತ್ರಗಳು ಹೊರಬಿದ್ದದ್ದು ಆ ಜಗಳದಿಂದ. ವರ್ಕ್‌ಶಾಪಿನ ಫಿಟ್ಟರ್ ಒಂದು ಗ್ಲಾಸು ಕುಡಿದರೆ ಅವನಿಗೆ ಚಿಂತೆ, ವಾಷಿಂಗ್ಟನ್ನಿನ ಲಂಚದ ಲೆಕ್ಕ ಓದುವಾಗ ಚಿಂತೆಯಿಲ್ಲ.

1881ರ ಜುಲೈ 29. ಮತ್ತೆ ಹಳಿಯ ಬಳಿ. ನಸುಕಿನಿಂದಲೇ ಸುತ್ತಿಗೆಯ ಸದ್ದು. ಈ ಹಾದಿ ಇಲಿನಾಯ್ ಸೆಂಟ್ರಲ್ ಕೈಗೆ ಹೋಗಿದೆ. ಸುಮಾರು 550 ಮೈಲಿ ಹಳಿಯನ್ನು ಒಂದೇ ದಿನದಲ್ಲಿ ಉತ್ತರದ ಅಳತೆಗೆ ಸರಿಸುತ್ತಿದ್ದಾರೆ. ಮೊಳೆ ಕೀಳು, ಹಳಿ ಸರಿಸು, ಮೊಳೆ ಹೊಡೆ. ಆ ಡಿಸೆಂಬರಿನಲ್ಲೇ ಮೆಕೋಮ್ ತೀರಿಕೊಂಡ.

ಇನ್ನೊಂದೇ ಒಂದು ದಿನ ನೋಡಿಬಿಡಿ: 1961ರ ಅಕ್ಟೋಬರ್ 4. ಅದೇ ಊರಿನ ಬರ್ಗ್ಲಂಡ್ ಹೈಸ್ಕೂಲಿನಿಂದ ನೂರಕ್ಕೂ ಹೆಚ್ಚು ಕಪ್ಪು ವಿದ್ಯಾರ್ಥಿಗಳು ತರಗತಿ ಬಿಟ್ಟು ಸಾಲಾಗಿ ನಗರಸಭೆಯತ್ತ ಹೊರಟಿದ್ದಾರೆ. ಮತದಾರರ ನೋಂದಣಿಗೆ ದುಡಿದ ಹರ್ಬರ್ಟ್ ಲೀಯನ್ನು ಒಬ್ಬ ಶಾಸಕ ಗುಂಡಿಕ್ಕಿ ಕೊಂದು ಇನ್ನೂ ಹತ್ತು ದಿನವಾಗಿಲ್ಲ. ಜತೆಯ ವಿದ್ಯಾರ್ಥಿನಿ ಬ್ರೆಂಡಾ ಟ್ರಾವಿಸ್‌ಳನ್ನು ಶಾಲೆಗೆ ಮತ್ತೆ ಸೇರಿಸಿಕೊಂಡಿಲ್ಲ. ಈ ಎರಡಕ್ಕೂ ಪ್ರತಿಭಟನೆ ಈ ನಡಿಗೆ.

ಇವತ್ತು ಇತಿಹಾಸದ ಪುಸ್ತಕಗಳಲ್ಲಿ ಮೆಕೋಮ್ ಎಂಬ ಊರು ಬರುವುದು ಹೆಚ್ಚಾಗಿ ಈ ಮಕ್ಕಳಿಂದ. ಹೆಸರು ಕೊಟ್ಟ ಅಧ್ಯಕ್ಷ ಸಿಗುವುದು ಹಗರಣದ ಅಧ್ಯಾಯದಲ್ಲಿ.