ಉಕ್ಕಿನ ಗಡಿಯಾರದ ಮೋಹ

ಕೆರೆ ಹಾಗೂ ಕೊಳವೆಬಾವಿಗಳನ್ನೇ ನಂಬಿದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಗೃಹಸ್ಥನೊಬ್ಬನು, ಸಾಗರದಾಳಕ್ಕೆ ಇಳಿಯುವವರಿಗಾಗಿ ಮಾಡಿದ ಹಳೆಯ ಉಕ್ಕಿನ ಕೈಗಡಿಯಾರವನ್ನು ಏಕೆ ಬಯಸಬೇಕು? ಉತ್ತರ ಆ ವಸ್ತುವಿನಲ್ಲಿಯೇ ಇದೆ. ಅದರ ಡಯಲಿನ ಸುತ್ತ ತಿರುಗುವ ಬಳೆಯೊಂದುಂಟು. ನೀರಿಗಿಳಿಯುವಾಗ ಬಳೆಯ ಗುರುತನ್ನು ನಿಮಿಷದ ಮುಳ್ಳಿಗೆ ಹೊಂದಿಸಿದರೆ, ಕಳೆದ ಹೊತ್ತು ತಿಳಿಯುತ್ತದೆ. ಒಂದೇ ದಿಕ್ಕಿಗೆ ತಿರುಗುವ ಬಳೆಯಾದರೆ, ಬಂಡೆಗೆ ತಗುಲಿ ಸರಿದರೂ ಕಳೆದ ಕಾಲವನ್ನು ಹೆಚ್ಚಾಗಿ ತೋರೀತೇ ಹೊರತು ಕಡಿಮೆಯಾಗಿ ತೋರದು. ತನ್ನ ಸಾಲವನ್ನು ಒಂದು ಕಾಸು ಹೆಚ್ಚಾಗಿಯೇ ಎಣಿಸುವ ವರ್ತಕನಂತೆ! ಇಂತಹ ಯಂತ್ರಕ್ಕೆ ಮನಸೋಲುವುದು ಸಹಜ.

ಅಂತಹ ಗಡಿಯಾರಗಳ ಬೆಲೆ ಎಲ್ಲರಿಗೂ ನಿಲುಕದು. ನಮ್ಮವರ ಮೋಹ ಬಹುಮಟ್ಟಿಗೆ ಎಚ್‌ಎಂಟಿಯದು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನಲ್ಲಿ ಆರಂಭವಾದ ಆ ಕಾರ್ಖಾನೆಯ ‘ಜನತಾ’, ‘ಪೈಲಟ್’ಗಳು ದಿನವೂ ಕೀಲಿ ಕೊಡಬೇಕಾದ ಸರಳ ಗಡಿಯಾರಗಳು. 2016ರಲ್ಲಿ ಕೇಂದ್ರ ಸರ್ಕಾರವು ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು. ಮುಚ್ಚುವ ಸುದ್ದಿ ಹಬ್ಬಿದಾಗಲೇ ಕೊಳ್ಳುವವರು ಮುಗಿಬಿದ್ದಿದ್ದರು.

ಬೇಡಿಕೆಯ ಹಿಂದೆ ಕಪಟವೂ ಬಂದಿತು. ಹಳೆಯ ಯಂತ್ರಕ್ಕೆ ಹೊಸದಾಗಿ ಬಣ್ಣ ಬಳಿದ ಡಯಲನ್ನು ಜೋಡಿಸಿ, ಮೂಲದ್ದೆಂದೇ ಮಾರುವುದು. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ಪ್ರತಿರೂಪಕ ವ್ಯವಹಾರ’ವನ್ನು, ಅಂದರೆ ನಕಲಿಯನ್ನು ಅಸಲಿಯೆಂದು ಸಾಗಹಾಕುವುದನ್ನು, ಎಣಿಸಿದೆ. ಸಂಗ್ರಾಹಕನ ಪರಿಗ್ರಹವನ್ನು ಆಕ್ಷೇಪಿಸುವವರು ಬಹಳ. ಅಂಗಡಿಯ ಈ ಅತಿಚಾರವನ್ನು ಕೇಳುವವರು ವಿರಳ. ಪರಿಗ್ರಹ ಪರಿಮಾಣವನ್ನು ಗೊತ್ತುಮಾಡಿಕೊಂಡ ಶ್ರಾವಕನು ಆ ಮಿತಿಯೊಳಗೆ ಎರಡು ಗಡಿಯಾರಗಳನ್ನು ಇಟ್ಟುಕೊಂಡರೆ ವ್ರತಕ್ಕೆ ಭಂಗವಿಲ್ಲ. ಇನ್ನು, ಹಿಂಬದಿಯ ಮುಚ್ಚಳ ತೆಗೆದು ತೋರಿಸಿ, ರಸೀದಿಯಲ್ಲಿ ‘ಡಯಲ್ ಹೊಸದು’ ಎಂದು ಬರೆದುಕೊಡಲು ವರ್ತಕನಿಗೆ ಎರಡು ನಿಮಿಷವೂ ಹಿಡಿಯದು.