ನಾಲ್ಕು ಇಂಚಿನ ಲೆಕ್ಕ

ಹೋದ ವರ್ಷ ಸೆಪ್ಟೆಂಬರಿನ ಒಂದು ಶನಿವಾರ, ಒಹಾಯೊದ ಜೋಳದ ಹೊಲವೊಂದರ ಬದಿಯಲ್ಲಿ ಕೆಸರಿಗೆ ಮೊಣಕಾಲೂರಿ ಕೂತು ನಾನೊಂದು ಹಳೆ ಬೈಕಿನ ಹಿಂದಿನ ಚಕ್ರದ ಅಳತೆ ತೆಗೆಯುತ್ತಿದ್ದೆ. ಸುತ್ತ ಏಳೆಂಟು ಜನ, ಹೆಚ್ಚಿನವರು ಅರುವತ್ತು ದಾಟಿದವರು, ಮಾತಿಲ್ಲದೆ ನೋಡುತ್ತಿದ್ದರು. ಟೇಪು ಆರು ಇಂಚು ತೋರಿಸಿತು. ನಾಲ್ಕು ಇರಬೇಕಿತ್ತು. ಬೈಕು ನಮ್ಮ ನೆರೆಮನೆಯ ಅಜ್ಜನದ್ದು. ಅದರ ಎಂಜಿನನ್ನು ಮೂರು ತಿಂಗಳು ಕೂತು ಸರಿಮಾಡಿ ಕೊಟ್ಟವನು ನಾನೇ. ಅಳತೆ ಸುಳ್ಳು ಹೇಳಲು ಬರುವುದಿಲ್ಲ, ಬಾಯಿಬಿಟ್ಟು ಆರು ಎಂದೆ. ಅಜ್ಜ ಹೆಲ್ಮೆಟ್ ತೆಗೆದು ಪಿಕಪ್ಪಿನ ಸೀಟಿನಲ್ಲಿಟ್ಟರು.

ಇದು ಯಾವ ರೇಸು, ನಾಲ್ಕು ಇಂಚು ಎಂತದ್ದು ಎಂದು ನೀವು ಕೇಳಬಹುದು. ನಾನು ಉಪ್ಪಳದವನು. ಹೈವೇ ಬದಿಯಲ್ಲಿ ಉಪ್ಪನದ್ದೊಂದು ಸಣ್ಣ ಗ್ಯಾರೇಜು ಇತ್ತು. ಯೆಜ್ದಿ, ರಾಜ್‌ದೂತ್, ಆಮೇಲೆ ಆರ್‌ಎಕ್ಸ್ 100. ನಮ್ಮ ಇಚ್ಚ ದಮ್ಮಾಮಿಗೆ ಹೋದ, ನಾನು ಓದಿ ಎಂಜಿನಿಯರಾಗಿ ಕೊನೆಗೆ ಕೊಲಂಬಸ್ ಎಂಬ ಈ ಊರಿಗೆ ಬಂದೆ. ಇಲ್ಲಿಂದ ಒಂದು ಗಂಟೆ ದಾರಿಯಲ್ಲಿ ಲೆಕ್ಸಿಂಗ್ಟನ್ ಎಂಬಲ್ಲಿ ಪ್ರತಿ ಬೇಸಿಗೆ ಹಳೆ ಮೋಟಾರ್‌ಸೈಕಲ್ಲುಗಳ ದೊಡ್ಡ ಜಾತ್ರೆ ಆಗುತ್ತದೆ. ತುಕ್ಕು ಹಿಡಿದ ಸಾಮಾನಿನ ಸಂತೆ ಒಂದು ಕಡೆ, ಮಣ್ಣಿನ ರೇಸು ಇನ್ನೊಂದು ಕಡೆ. ಮೊದಲ ವರ್ಷ ಬರೇ ನೋಡಲು ಹೋದವನು ನಾನು. ಎರಡು ಸ್ಟ್ರೋಕಿನ ಎಣ್ಣೆ ಹೊಗೆ ಮೂಗಿಗೆ ಬಡಿದದ್ದೇ, ಉಪ್ಪನ ಗ್ಯಾರೇಜಿನಲ್ಲಿ ನಿಂತ ಹಾಗಾಯಿತು. ಅಲ್ಲಿಂದ ಬಿಡಲಿಲ್ಲ.

ಅಜ್ಜ ಎಂಬುದು ನನ್ನ ಮಕ್ಕಳು ಕರೆದು ಅಭ್ಯಾಸವಾದ ಹೆಸರು. ಅವರ ಶೆಡ್ಡಿನಲ್ಲಿ ಟಾರ್ಪಾಲಿನಡಿ ಇದ್ದದ್ದು 1974ರ ಒಂದು ಸಿಝೆಡ್ 250. ನನಗೆ ಅದು ನೆಂಟರ ಗಾಡಿ. ಸಿಝೆಡ್ ಮತ್ತು ಜಾವಾ ಎರಡೂ ಚೆಕೊಸ್ಲೊವಾಕಿಯದವು. 1961ರಿಂದ 1996ರವರೆಗೆ ನಮ್ಮ ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ತಯಾರಾದದ್ದು ಅದೇ ಜಾವಾ, ಅದರ ಹೆಸರೇ ಮುಂದೆ ಯೆಜ್ದಿ ಎಂದಾಯಿತು. ಯೆಜ್ದಿಗೆ ಒಂದೇ ಸಿಲಿಂಡರಾದರೂ ಸೈಲೆನ್ಸರ್ ಎರಡು, ನೆನಪುಂಟಲ್ಲ? 1960ರ ದಶಕದ ಆರಂಭದ ರೇಸಿನ ಸಿಝೆಡ್‌ಗೂ ಹಾಗೆಯೇ ಎರಡು ಇದ್ದವು. ಬೆಲ್ಜಿಯಂನ ಜೋಯೆಲ್ ರೊಬೇರ್ 1964ರಲ್ಲಿ 250 ಸಿಸಿ ವಿಶ್ವ ಚಾಂಪಿಯನ್ ಆದದ್ದು ಸಿಝೆಡ್‌ನಲ್ಲಿ. ಇದನ್ನು ಅಜ್ಜನಿಗೆ ಹೇಳಿದಾಗ ಅವರು ನಂಬಲಿಲ್ಲ, ಭಾರತದಲ್ಲಿ ಯಾರು ಜಾವಾ ಮಾಡುತ್ತಾರೆ ಎಂದರು. ಉಪ್ಪನ ಯೆಜ್ದಿಯ ಫೋಟೊ ಫೋನಿನಲ್ಲಿ ತೋರಿಸಿದ ಮೇಲೆ ನನ್ನನ್ನು ಶೆಡ್ಡಿನ ಒಳಗೆ ಬಿಟ್ಟರು.

ಈಗ ನಾಲ್ಕು ಇಂಚಿಗೆ ಬರುವ. ಕಲ್ಲು ಗುಂಡಿಯ ಮೇಲೆ ಓಡುವಾಗ ಚಕ್ರ ಮೇಲೆ ಕೆಳಗೆ ಎಷ್ಟು ಆಡುತ್ತದೆಯೋ ಅದಕ್ಕೆ ಟ್ರಾವೆಲ್ ಎನ್ನುತ್ತಾರೆ. 1970ರ ಹೊತ್ತಿನ ಮಣ್ಣಿನ ಬೈಕುಗಳಲ್ಲಿ ಹಿಂದಿನ ಚಕ್ರಕ್ಕೆ ನಾಲ್ಕು ಇಂಚಿನ ಹತ್ತಿರ ಸಿಗುತ್ತಿತ್ತು, ಅಷ್ಟೆ. ಆಮೇಲೆ ಎರಡೇ ವರ್ಷದಲ್ಲಿ ಎಲ್ಲ ತಲೆಕೆಳಗಾಯಿತು. ಬೆಲ್ಜಿಯಂನ ಲೂಸಿಯೆನ್ ಟಿಲ್ಕೆನ್ಸ್ ಎಂಬ ಎಂಜಿನಿಯರ್ ಎರಡು ಶಾಕಿನ ಬದಲು ಒಂದೇ ಉದ್ದದ ಶಾಕನ್ನು ಟ್ಯಾಂಕಿನ ಅಡಿಗೆ ಮಲಗಿಸುವ ಉಪಾಯ ಮಾಡಿದ. ಯಮಾಹಾ ಅದನ್ನು ತೆಗೆದುಕೊಂಡಿತು, 1973ರಲ್ಲಿ ಸ್ವೀಡನ್ನಿನ ಹೋಕನ್ ಆಂಡರ್ಸನ್ ಅದೇ ಯಮಾಹಾದಲ್ಲಿ ವಿಶ್ವ ಚಾಂಪಿಯನ್. ಅಂಗಡಿಯಲ್ಲಿ ಜನರಿಗೆ ಸಿಕ್ಕಿದ್ದು 1975ರ ಮಾಡೆಲಿನಲ್ಲಿ. ಜರ್ಮನಿಯ ಮೈಕೊ ಇನ್ನೊಂದು ದಾರಿ ಹಿಡಿಯಿತು: ಶಾಕ್ ಎರಡೇ ಇರಲಿ, ಅದನ್ನು ಕೂರಿಸುವ ಜಾಗ ಮುಂದಕ್ಕೆ ಸರಿಸಿದರೆ ಸಾಕು. ನಮ್ಮ ಏತದ ಲೆಕ್ಕವೇ ಇದು, ಹಿಡಿಯುವ ಜಾಗ ಬುಡದ ಹತ್ತಿರ ಹೋದಷ್ಟು ತುದಿ ಹೆಚ್ಚು ಆಡುತ್ತದೆ. 1980ರ ದಶಕ ಶುರುವಾಗುವಾಗ ಟ್ರಾವೆಲ್ ಹನ್ನೆರಡು ಇಂಚಿಗೆ ಮುಟ್ಟಿತ್ತು.

ಆದ್ದರಿಂದ ಅಮೆರಿಕದಲ್ಲಿ ಹಳೆ ಬೈಕಿನ ರೇಸು ನಡೆಸುವ ದೊಡ್ಡ ಸಂಸ್ಥೆ ಎಎಚ್‌ಆರ್‌ಎಂಎ ವಿಂಟೇಜ್ ಎಂಬುದಕ್ಕೆ 1974ರ ಗೆರೆ ಎಳೆದಿದೆ. ವರ್ಷ ಮಾತ್ರ ಸಾಲದು, ಮುಂದೆ ಏಳು ಇಂಚು, ಹಿಂದೆ ನಾಲ್ಕು ಇಂಚು ಮೀರಬಾರದು. ನಮ್ಮ ಸಣ್ಣ ಕ್ಲಬ್ಬೂ ಅದೇ ಲೆಕ್ಕ ಹಿಡಿದಿತ್ತು. ಆದರೆ ಅಲ್ಲಿಯವರೆಗೆ ಯಾರೂ ಟೇಪು ಹಿಡಿದಿರಲಿಲ್ಲ, 1974 ಎಂದರೆ 1974, ಹೋಗು ಎನ್ನುತ್ತಿದ್ದರು. ಆ ದಿನ ಒಬ್ಬರು ಆಕ್ಷೇಪ ಎತ್ತಿದರು. ಅಳೆಯಲು ನನ್ನನ್ನು ಕರೆದದ್ದು ನಾನು ದೊಡ್ಡ ಜನ ಎಂದಲ್ಲ, ಅಲ್ಲಿ ರೇಸಿಗೆ ಇಳಿಯದವನು ನಾನೊಬ್ಬನೇ.

ಎಂಜಿನ್ ಮಾತ್ರ ನೋಡಿದ್ದ ನನಗೆ ಶಾಕಿನ ಜಾಗ ಕಣ್ಣಿಗೆ ಬೀಳದೆ ಹೋದದ್ದು ಹೇಗೆ ಎಂದು ಈಗಲೂ ನಾಚಿಕೆಯಾಗುತ್ತದೆ. ಉಪ್ಪ ಇದ್ದಿದ್ದರೆ ಬೈಯುತ್ತಿದ್ದರು. ಸ್ವಿಂಗ್ ಆರ್ಮಿನ ಮೇಲೆ, ಫ್ಯಾಕ್ಟರಿಯ ಜಾಗದಿಂದ ಒಂದು ಗೇಣು ಮುಂದೆ, ದಪ್ಪ ದಪ್ಪ ವೆಲ್ಡಿಂಗ್. ಮೇಲೆ ಚೇಸಿಸಿಗೂ ಹಾಗೆಯೇ ಒಂದು ತುಂಡು ಕೂಡಿಸಿದ್ದರು. ಅಂದವಿಲ್ಲದ ಕೆಲಸ, ಆದರೆ ಗಟ್ಟಿ. ಅದು ಅಜ್ಜನ ಅಣ್ಣ ಮಾಡಿದ್ದು. 1975ರಲ್ಲಿ ಮೈಕೊ ನೋಡಿ ಬಂದು, ಹಾಗೆಯೇ ನಮ್ಮದೂ ಮಾಡುವ ಎಂದು ಹೊಲದ ಶೆಡ್ಡಿನಲ್ಲಿ ಒಂದೇ ರಾತ್ರಿಯಲ್ಲಿ ಬೆಸೆದದ್ದು. ಅಜ್ಜನಿಗೆ ಆಗ ಹತ್ತೊಂಬತ್ತು. ಅಣ್ಣ ತೀರಿಹೋಗಿ ಇಪ್ಪತ್ತು ವರ್ಷ ದಾಟಿದೆ. ಇಷ್ಟೆಲ್ಲ ಅವರು ಹೇಳಿದ್ದು ವಾಪಸು ಬರುವಾಗ ಪಿಕಪ್ಪಿನಲ್ಲಿ, ರಸ್ತೆ ನೋಡುತ್ತಾ.

ಮುಂದಿನ ರೇಸಿಗೆ ನಾಲ್ಕು ವಾರ ಇತ್ತು. ಆ ನಾಲ್ಕು ವಾರ ನಡೆದ ಚರ್ಚೆ ನಮ್ಮ ಊರಿನ ಪಂಚಾಯತಿಗೂ ಕಮ್ಮಿಯಿಲ್ಲ. ಕೆಲವರೆಂದರು, ಗಾಡಿಯ ನಂಬರು 1974ರದ್ದು, ಆ ಕಾಲದ ಹುಡುಗರೇ ಮಾಡಿದ ಬದಲಾವಣೆ, ಇದಕ್ಕಿಂತ ಹಳತು ಎಂದರೆ ಎಂತದ್ದು? ಬಿಡಿ ಅವರನ್ನು. ನನಗೂ ಮೊದಲು ಇದೇ ಸರಿ ಎಂದು ಕಂಡಿತ್ತು. ಇನ್ನು ಕೆಲವರಿಗೆ ಫ್ಯಾಕ್ಟರಿಯಿಂದ ಬಂದ ಹಾಗೇ ಇರಬೇಕು, ಕತ್ತರಿಸಿ ತೆಗೆದು ಮೊದಲಿನ ಜಾಗಕ್ಕೆ ತನ್ನಿ ಎಂಬ ಹಟ. ತಮಾಷೆ ಎಂದರೆ ಹಾಗೆ ಹೇಳಿದವರ ಬೈಕಿನಲ್ಲಿ ಹೊಸ ಕಾಲದ ಇಗ್ನಿಷನ್, ಹೊಸ ಪಿಸ್ಟನ್, ಹೋದ ವರ್ಷ ಮಾಡಿಸಿದ ಟ್ಯಾಂಕು. ಇಂಗ್ಲೆಂಡಿನಲ್ಲಿ 1965ಕ್ಕೆ ಮೊದಲಿನ ಬೈಕುಗಳ ಕ್ಲಾಸಿನಲ್ಲೂ ಇದೇ ಜಗಳ ಹಳತು: ಹೆಸರು ಹಳೆಯದ್ದು, ಸಾಮಾನು ಹೊಸತು. ಮೂರನೆಯವರ ಮಾತು ಬೇರೆ. ಗೆರೆಯನ್ನೇ ಮುಂದೆ ತನ್ನಿ, 1974ರವನ್ನು ಓಡಿಸಿದವರಿಗೆ ಈಗ ಎಪ್ಪತ್ತು, ಐವತ್ತರವರಿಗೆ ಅವರ ಪ್ರಾಯದ ಹೋಂಡಾ, ಕವಾಸಾಕಿ ಬೇಕು, ಅವರು ಬಾರದಿದ್ದರೆ ಕ್ಲಬ್ಬೇ ಮುಚ್ಚಿಹೋಗುತ್ತದೆ ಎಂದು. ಅದೂ ಸುಳ್ಳಲ್ಲ. ಆ ದಿನ ವಿಂಟೇಜ್ ಕ್ಲಾಸಿನಲ್ಲಿ ಗೇಟಿಗೆ ಬಂದು ನಿಂತದ್ದು ಏಳು ಬೈಕು.

ಆಕ್ಷೇಪ ಎತ್ತಿದವರ ಮೇಲೆ ನನಗೆ ಸಿಟ್ಟಿತ್ತು. ಒಂದು ದಿನ ಕಾಫಿ ಅಂಗಡಿಯಲ್ಲಿ ಸಿಕ್ಕಿದರು. ನಾನೇ ಕೇಳಿದೆ, ಆ ಪ್ರಾಯದವರ ಖುಷಿ ಹಾಳು ಮಾಡಿ ನಿಮಗೆ ಎಂತ ಸಿಕ್ಕಿತು ಎಂದು. ಅವರು ಅಂಗಿಯ ಕಾಲರ್ ಸರಿಸಿ ಹೆಗಲ ಹತ್ತಿರದ ಎಲುಬು ತೋರಿಸಿದರು, ಅದು ಸೊಟ್ಟ ಕೂಡಿತ್ತು. ಹಿಂದೊಮ್ಮೆ ಜನ ಕಮ್ಮಿ ಎಂದು ಎಲ್ಲ ಕ್ಲಾಸನ್ನೂ ಒಟ್ಟಿಗೆ ಬಿಟ್ಟಿದ್ದರಂತೆ. ನಾಲ್ಕು ಇಂಚಿನವರು ಗುಂಡಿಗಳ ಮುಂದೆ ಆಕ್ಸಿಲರೇಟರ್ ಬಿಡಲೇಬೇಕು, ಇಲ್ಲದಿದ್ದರೆ ಸೀಟು ಎತ್ತಿ ಎಸೆಯುತ್ತದೆ. ಹತ್ತು ಇಂಚಿನವರು ಬಿಡುವ ಅಗತ್ಯವೇ ಇಲ್ಲ. ಇವರು ಬಿಟ್ಟರು, ಹಿಂದಿನವನು ಬಿಡಲಿಲ್ಲ. ಅವನು ಗುಡ್ಡೆ ಹಾರಿ ಇಳಿದದ್ದು ಇವರ ಬೆನ್ನ ಮೇಲೆ. ಅದೂ ಅಲ್ಲದೆ ಉದ್ದ ಟ್ರಾವೆಲಿನವರು ಎರಡು ಸುತ್ತು ಓಡಿದರೆ ಗುಂಡಿಗಳು ಇನ್ನೂ ಆಳವಾಗುತ್ತವೆ, ಹಳಬರಿಗೆ ದಾರಿಯೇ ಉಳಿಯುವುದಿಲ್ಲ. “ವರ್ಷ ನನಗೆ ಪೆಟ್ಟು ಮಾಡಲಿಲ್ಲ, ಇಂಚು ಮಾಡಿತು” ಎಂದರು.

ಆ ಮಾತು ಕೇಳಿ ನಾನು ಬದಲಾದೆ ಎಂದೇ ಹೇಳಬೇಕು. ಕ್ಲಾಸು ಮಾಡಿದ್ದು ಗಾಡಿಗೆ ಮರ್ಯಾದೆ ಕೊಡಲು ಎಂದು ನಾನು ತಿಳಿದಿದ್ದೆ. ಅಲ್ಲ, ಗೇಟಿನಲ್ಲಿ ಪಕ್ಕ ನಿಂತವನ ಎಲುಬು ಉಳಿಸಲು. ಹಾಗಾದರೆ ಕೇಳಬೇಕಾದ್ದು ಒಂದೇ ಪ್ರಶ್ನೆ: ಈ ಗಾಡಿ ಉಳಿದವುಗಳ ಹಾಗೆ ಓಡುತ್ತದೋ ಇಲ್ಲವೋ. ಇಂಗ್ಲೆಂಡಿನವರ ಇವೊ ಎಂಬ ಕ್ಲಾಸಿನ ನಿಯಮ ನನಗೆ ಇದೇ ಕಾರಣಕ್ಕೆ ಇಷ್ಟ. ಗಾಳಿಯಲ್ಲಿ ತಂಪಾಗುವ ಎಂಜಿನ್, ಡ್ರಮ್ ಬ್ರೇಕು, ಹಿಂದಿನ ಶಾಕಿಗೆ ಲಿಂಕೇಜ್ ಇರಕೂಡದು. ಗಾಡಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನೇ ಅದು ನೋಡುತ್ತದೆ. ನಮ್ಮ ಕಾಸರಗೋಡಿನವರಿಗೆ ತಾರೀಕಿನ ಗೆರೆಯ ಕಥೆ ಬೇರೆಯವರು ಹೇಳಬೇಕಾಗಿಲ್ಲ. 1956ರ ನವೆಂಬರ್ 1ಕ್ಕೆ ಎಳೆದ ಗೆರೆಯಲ್ಲಿ ಯಾವ ಬದಿ ಬಿದ್ದೆವು ಎಂಬುದು ನಾವು ಮನೆಯಲ್ಲಿ ಏನು ಮಾತಾಡುತ್ತೇವೆ, ಶಾಲೆಯಲ್ಲಿ ಏನು ಓದುತ್ತೇವೆ ಎಂದು ಕೇಳಿ ಆದದ್ದಲ್ಲ. ಇರಲಿ, ಬೈಕಿಗೆ ಬರುತ್ತೇನೆ.

ಪ್ರಶ್ನೆ ಇಂಚಿನದ್ದು ಮಾತ್ರ ಆದರೆ ಅಣ್ಣನ ವೆಲ್ಡಿಂಗ್ ಕತ್ತರಿಸುವ ಅಗತ್ಯವೇ ಇಲ್ಲ! ಇದು ಹೊಳೆದದ್ದು ರಾತ್ರಿ ಎರಡು ಗಂಟೆಗೆ. ಶಾಕಿನ ಸ್ಟ್ರೋಕ್ ನಾಲ್ಕು ಇಂಚು, ಚಕ್ರ ಆಡುವುದು ಆರು, ಅಂದರೆ ಒಂದಕ್ಕೆ ಒಂದೂವರೆ. ಸ್ಟ್ರೋಕಿನಲ್ಲಿ 35 ಮಿಲಿಮೀಟರ್ ತಡೆದರೆ ಚಕ್ರ ನಾಲ್ಕರೊಳಗೆ ನಿಲ್ಲಬೇಕು. ಮರುದಿನ ನೈಲಾನ್ ರಾಡು ತಂದು ಲೇತಿನಲ್ಲಿ ಎರಡು ಬುಷ್ ತಿರುಗಿಸಿ, ಶಾಕಿನ ದಂಡಿಗೆ ರಬ್ಬರಿನ ಅಡಿಯಲ್ಲಿ ಕೂರಿಸಿದೆ. ಬೇಗ ತಳ ಮುಟ್ಟುತ್ತದೆ ಎಂದು ಗಟ್ಟಿ ಸ್ಪ್ರಿಂಗ್ ಹಾಕಿದೆವು. ಸ್ಪ್ರಿಂಗ್ ಕೂರಿಸುವ ಮೊದಲು ಚಕ್ರವನ್ನು ಕೈಯಿಂದ ಪೂರ್ತಿ ಎತ್ತಿ ಅಳೆದರೆ ನಾಲ್ಕಕ್ಕೆ ಅರ್ಧ ನೂಲು ಕಮ್ಮಿ. ಅಜ್ಜ ಹಿತ್ತಲಲ್ಲಿ ಒಂದು ಸುತ್ತು ಹೊಡೆದು ಬಂದು, ಸೊಂಟ ಹಿಡಿದುಕೊಂಡು, “ನಿನ್ನ ಲೆಕ್ಕ ಸರಿ, ನನ್ನ ಬೆನ್ನಿಗೆ ಸರಿಯಿಲ್ಲ” ಎಂದರು.

ಅಕ್ಟೋಬರಿನಲ್ಲಿ ಎಲ್ಲರ ಎದುರು ಮತ್ತೆ ಅಳೆದೆ. ಈ ಸಲ ಟೇಪಿನ ಇನ್ನೊಂದು ತುದಿ ಹಿಡಿದದ್ದು ಆಕ್ಷೇಪ ಎತ್ತಿದವರೇ. ಫ್ಯಾಕ್ಟರಿಯ ರೂಪವೇ ಬೇಕು ಎಂದವರಲ್ಲಿ ಒಬ್ಬರು ಮುಖ ತಿರುಗಿಸಿ ಹೋದರು, ಇವತ್ತಿಗೂ ಅವರಿಗೆ ಆ ವೆಲ್ಡಿಂಗ್ ಕಣ್ಣಿಗೆ ಚುಚ್ಚುತ್ತದೆ. ಅಜ್ಜ ಏಳರಲ್ಲಿ ಐದನೆಯವರಾಗಿ ಬಂದರು. ಒಂದು ಕಡೆ ಬಿದ್ದರು ಕೂಡ, ಕೆಸರಿನಲ್ಲಿ, ಮೆಲ್ಲಗೆ.

ಇದನ್ನೆಲ್ಲ ಈಗ ಬರೆಯಲು ಕಾರಣ ಇಚ್ಚನ ಫೋನು. ಉಪ್ಪನ ಯೆಜ್ದಿಗೆ ಬೆಂಗಳೂರಿನಿಂದ ಗಿರಾಕಿ ಬಂದಿದ್ದಾರಂತೆ, ಒಳ್ಳೆ ರೇಟು. ಆದರೆ ಒಂದು ಷರತ್ತು: ಹಿಂದಿನ ಕ್ಯಾರಿಯರ್ ಕತ್ತರಿಸಿ, ವೆಲ್ಡಿಂಗಿನ ಗುರುತು ಉಜ್ಜಿ, ಒರಿಜಿನಲ್ ಮಾಡಿ ಕೊಡಬೇಕು. ಆ ಕ್ಯಾರಿಯರ್ ಉಪ್ಪ ಸ್ವತಃ ಬೆಸೆದದ್ದು, ಸಿಲಿಂಡರುಗಳನ್ನು ಬೋರಿಂಗಿಗೆ ಮಂಗಳೂರಿಗೆ ಕೊಂಡುಹೋಗಲು. ಸಿಲಿಂಡರ್ ಇಲ್ಲದ ದಿನ ಅದರ ಮೇಲೆ ಇಚ್ಚ, ಟ್ಯಾಂಕಿನ ಮೇಲೆ ನಾನು, ನಡುವೆ ಉಪ್ಪ ಮತ್ತು ಉಮ್ಮ.

“ನೀನು ಅಲ್ಲಿ ಹಳೆ ಗಾಡಿ ಅಳೆಯುವವನಲ್ಲವಾ, ಹೇಳು, ಎಂತ ಮಾಡುವುದು?” ಎಂದ ಇಚ್ಚ.

“ಕ್ಯಾರಿಯರ್ ಇದ್ದರೆ ಓಡಿಸಲು ಅವರಿಗೆ ಎಂತ ತೊಂದರೆ ಎಂದು ಕೇಳು” ಎಂದೆ.

ಇಚ್ಚ ನಕ್ಕ. “ಓಡಿಸಲು ಯಾರಿಗೆ ಬೇಕು ಮಾರಾಯ? ಅವರು ಹಾಲಿನಲ್ಲಿ ಇಡುವುದಂತೆ.”

ಅದಕ್ಕೆ ನನ್ನ ಹತ್ತಿರ ಟೇಪು ಇರಲಿಲ್ಲ. ನಿನ್ನ ಇಷ್ಟ, ಗಾಡಿ ನೋಡಿಕೊಂಡವನು ನೀನು ಎಂದು ಫೋನಿಟ್ಟೆ. ಎರಡು ವಾರ ಸುದ್ದಿಯಿಲ್ಲ. ಮೊನ್ನೆ ವಾಟ್ಸ್ಆ್ಯಪಿನಲ್ಲಿ ಒಂದು ಫೋಟೊ ಬಂತು. ಯೆಜ್ದಿ ಅಂಗಳದಲ್ಲೇ ಉಂಟು, ಕ್ಯಾರಿಯರ್ ಕೂಡ ಉಂಟು, ಅದಕ್ಕೆ ಇಚ್ಚ ಹೊಸ ಪೈಂಟು ಹೊಡೆದಿದ್ದಾನೆ, ಕಪ್ಪು. ಉಪ್ಪ ಹೊಡೆದದ್ದು ಹಸಿರು ಎಂದು ನಾನು, ಅಲ್ಲ ಕಪ್ಪೇ ಎಂದು ಅವನು. ಉಮ್ಮನನ್ನು ಕೇಳಿದರೆ ನೀಲಿ ಎನ್ನುತ್ತಾರೆ.