ಭಂಡಾರದ ಹಳದಿ

ಜತ್ತದಲ್ಲಿ ಲಗ್ನಪತ್ರಿಕೆ, ಜಾತ್ರೆಯ ಪೋಸ್ಟರ್ ಮಾಡುವವನು ಎರಡು ಬಣ್ಣ ಕೆಡಿಸುವ ಹಾಗಿಲ್ಲ: ಕುಂಕುಮದ ಕೆಂಪು, ಭಂಡಾರದ, ಅಂದರೆ ದೇವರಿಗೆ ಎರಚುವ ಅರಿಸಿನ ಪುಡಿಯ ಹಳದಿ. ಸಾಂಗ್ಲಿ ಜಿಲ್ಲೆಯ ನಮ್ಮ ತಾಲ್ಲೂಕಿನಲ್ಲಿ ಒಂದೇ ಮನೆಯ ಲಗ್ನಕ್ಕೆ ಒಂದಿಷ್ಟು ಪತ್ರಿಕೆ ಕನ್ನಡದಲ್ಲಿ, ಒಂದಿಷ್ಟು ಮರಾಠಿಯಲ್ಲಿ ಬೇಕಾಗುತ್ತವೆ. ಸಂಖ, ಉಮದಿ ಕಡೆಯವರು ಗುಡ್ಡಾಪುರದ ದಾನಮ್ಮನ ಚಿತ್ರ ಕೇಳುತ್ತಾರೆ. ಕುರಿ ಕಾಯುವ ಮನೆತನದವರು ಬೀರಪ್ಪನ ಚಿತ್ರ ಕೇಳುತ್ತಾರೆ, ಅವರ ಮರಾಠಿ ಬೀಗರಿಗೆ ಅವನೇ ಬಿರೋಬಾ. ಅಕ್ಷರ ತಪ್ಪಿದ್ದರೆ ಪೆನ್ನಿನಿಂದ ತಿದ್ದಿ ಒಯ್ದವರನ್ನು ಕಂಡಿದ್ದೇನೆ. ಭಂಡಾರ ಕೆಟ್ಟ ಪೋಸ್ಟರನ್ನು ಒಯ್ದವರನ್ನು ಕಂಡಿಲ್ಲ.

ನಾನು ಕೆಲಸ ಕಲಿತದ್ದು ಟ್ರೆಡಲ್ ಮಷೀನಿನ ಕಾಲದಲ್ಲಿ. ಬಣ್ಣ ಹದಗೊಳಿಸುತ್ತಿದ್ದ ಹಿರಿಯರೊಬ್ಬರು ಗಾಜಿನ ಹಲಗೆಯ ಮೇಲೆ ಹಳದಿ ಶಾಯಿ ಹಾಕಿ, ಚಾಕುವಿನ ತುದಿಯಲ್ಲಿ ಕೆಂಪು ತಗೊಂಡು ಕಲಸುತ್ತಿದ್ದರು. ಆಮೇಲೆ ಒಂದು ಚೂರು ಕಾಗದದ ಮೇಲೆ ಹೆಬ್ಬೆರಳಿನಿಂದ ತೀಡಿ ಅಂಗಡಿಯ ಹೊರಗೆ ಬಿಸಿಲಿಗೆ ಹಿಡಿಯುವರು. ಒಣಗಿದ ಮೇಲೆ ಮಂಕಾಗುತ್ತದೆಂದು ತುಸು ಹೆಚ್ಚಿನ ಹೊಳಪನ್ನೇ ಇಡುತ್ತಿದ್ದರು. ಬಣ್ಣ ಅವರ ಕಣ್ಣಿನಲ್ಲಿತ್ತು. ಒಂದೇ ಕಣ್ಣು, ಒಂದೇ ಬಿಸಿಲು, ಆದ್ದರಿಂದ ಜಗಳ ಬರುತ್ತಿರಲಿಲ್ಲ.

ಕಂಪ್ಯೂಟರ್ ಬಂದ ಮೇಲೆ ಬಣ್ಣ ಮೂರು ಅಂಕಿಯಾಯಿತು: ಕೆಂಪು 255, ಹಸಿರು 196, ನೀಲಿ 0. ನಮ್ಮದು ವಿಂಡೋಸ್, ಕೋರೆಲ್‌ಡ್ರಾ. ನಾಲ್ಕು ಬಣ್ಣದ ಆಫ್‌ಸೆಟ್ ಕೆಲಸ ಇದ್ದರೆ ಸಿ.ಡಿ. ಬರೆದು ಎಸ್‌ಟಿ ಬಸ್ಸಿನಲ್ಲಿ ದೊಡ್ಡ ಊರಿನ ಪ್ರೆಸ್ಸಿಗೆ ಕಳಿಸುವುದು. ಅಲ್ಲಿ ಮ್ಯಾಕ್ ಇತ್ತು. ಒಂದು ಜಾತ್ರೆಯ ಪೋಸ್ಟರಿನಲ್ಲಿ ನಮ್ಮ ಹಳದಿ ಅವರ ಪರದೆಯ ಮೇಲೆ ಪೇಲವವಾಗಿ ಕಂಡಿದೆ. ಅಲ್ಲಿಯ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಗಾಢ ಮಾಡಿ ಅಚ್ಚಿಗೆ ಬಿಟ್ಟ. ಕಟ್ಟು ಬಿಚ್ಚಿದಾಗ ಭಂಡಾರವೆಲ್ಲ ಕಂದುಗಟ್ಟಿತ್ತು. ಊರ ಹಿರಿಯರು ಹಾಳೆ ಎತ್ತಿ ನೋಡಿ, 'ಇದು ನಮ್ಮ ದೇವರ ಭಂಡಾರ ಅಲ್ಲ ತಮ್ಮಾ' ಅಂದರು. ಅಷ್ಟೇ. ಹಣದ ಮಾತನ್ನೇ ಎತ್ತಲಿಲ್ಲ.

ಕಾರಣ ತಿಳಿದದ್ದು ಬಹಳ ತಡವಾಗಿ. ಆಗಿನ ಮ್ಯಾಕ್ ಪರದೆಗೆ ಗಾಮಾ, ಅಂದರೆ ಯಾವ ಅಂಕಿಗೆ ಎಷ್ಟು ಬೆಳಕೆಂಬ ಲೆಕ್ಕ, 1.8, ವಿಂಡೋಸ್ ಪರದೆಗೆ ಹೆಚ್ಚುಕಡಿಮೆ 2.2. ಅದೇ ಅಂಕಿ ಅಲ್ಲಿ ತಿಳಿಯಾಗಿ ಕಾಣುತ್ತದೆ, ಇಲ್ಲಿ ಗಾಢವಾಗಿ. ಆಪಲ್ ತಾನೂ 2.2ಕ್ಕೆ ಬಂದದ್ದು 2009ರ ಸ್ನೋ ಲೆಪರ್ಡ್‌ನಲ್ಲಿ. ಇಂಥ ಗೊಂದಲಕ್ಕೆಂದೇ 1993ರಲ್ಲಿ ಐಸಿಸಿ ಎಂಬ ಬಣ್ಣದ ಒಕ್ಕೂಟ ಹುಟ್ಟಿತ್ತು, 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಅಳತೆ ಮುಂದಿಟ್ಟಿದ್ದವು. ಫೈಲಿನ ಜೊತೆ ಪ್ರೊಫೈಲ್ ಕಳಿಸಿದ್ದರೆ ಆ ಅಂಕಿ ಯಾವ ಅಳತೆಯದು ಎಂದು ಆಚೆಯ ಯಂತ್ರಕ್ಕೆ ಗೊತ್ತಾಗುತ್ತಿತ್ತು. ನಮ್ಮ ಕಡೆ ಆ ಮಾತು ಹೇಳುವವರೇ ಇರಲಿಲ್ಲ.

ಮುಂದೆ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸಕ್ಕಿದ್ದ ನಮ್ಮೂರಿನ ಹುಡುಗನೊಬ್ಬ ಪತ್ರಿಕೆಯ ನಮೂನೆ ತೋರಿಸುವ ಸಣ್ಣ ಪ್ರೋಗ್ರಾಂ ಬರೆದುಕೊಟ್ಟ. ಕ್ಯೂಟಿ ಎಂಬ ಟೂಲ್‌ಕಿಟ್‌ನಲ್ಲಿ ಬರೆದದ್ದು. ಒಮ್ಮೆ ಬರೆದರೆ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಓಡಿತು ಕೂಡ. ಬಣ್ಣ ಮಾತ್ರ ಮೂರು ಕಡೆ ಮೂರು ತೆರ.

ತಪ್ಪು ಸಿಕ್ಕಿದ್ದು ಒಂದು ಗೆರೆಯಿಂದ. ಭಂಡಾರ ಎರಚುವ ಫೋಟೋವನ್ನು ಅದರ ಅಂಚಿನದೇ ಹಳದಿಯ ಹಿನ್ನೆಲೆಯ ಮೇಲೆ ಕೂರಿಸಿದ್ದೆವು. ಹಳೆಯ ಮಾನಿಟರಿನಲ್ಲಿ ಫೋಟೋ ಎಲ್ಲಿ ಮುಗಿಯಿತೆಂದೇ ತಿಳಿಯದು. ಹೆಚ್ಚು ಗಾಢ ಬಣ್ಣಗಳನ್ನೂ ತೋರಿಸಬಲ್ಲ ಹೊಸ ಮಾನಿಟರ್ ತಂದು ಹಚ್ಚಿದ ದಿನ ಫೋಟೋದ ಸುತ್ತ ಚೌಕ ಎದ್ದು ನಿಂತಿತು. ಹಿನ್ನೆಲೆ ಕಣ್ಣಿಗೆ ಚುಚ್ಚುವಷ್ಟು ಹಳದಿ. ಫೋಟೋಗೆ ಪ್ರೊಫೈಲ್ ಇದ್ದದ್ದರಿಂದ ಲಿಟಲ್ ಸಿಎಂಎಸ್ ಎಂಬ ಬಣ್ಣ ಬದಲಿಸುವ ತಂತ್ರಾಂಶ ಅದನ್ನು ಪರದೆಗೆ ತಕ್ಕಂತೆ ಬದಲಿಸಿತ್ತು. ಹಿನ್ನೆಲೆಯ ಅಂಕಿಯನ್ನು ಟೂಲ್‌ಕಿಟ್ ಇದ್ದ ಹಾಗೇ ಪರದೆಗೆ ಸುರಿದಿತ್ತು. ಮ್ಯಾಕ್‌ನಲ್ಲಿ ಉಲ್ಟಾ ತೊಂದರೆ: ಇಡೀ ಕಿಟಕಿಯನ್ನು ಎಸ್‌ಆರ್‌ಜಿಬಿ ಎಂದು ಹಿಡಿದು ವ್ಯವಸ್ಥೆಯೇ ಇನ್ನೊಮ್ಮೆ ಬದಲಿಸುತ್ತಿತ್ತು. ಫೋಟೋಗೆ ಎರಡು ಸಲ ಪರಿವರ್ತನೆಯಾಗಿ ಭಂಡಾರ ಬೂದಿ ಬಡಿದಂತಾಗಿತ್ತು.

ಹುಡುಗ ಎಲ್ಲವನ್ನೂ ಬಿಚ್ಚಿ ಕಟ್ಟಿದ. ಬಟನ್ನು, ಅಂಚು, ಅಕ್ಷರ, ಹಿನ್ನೆಲೆ, ಫೋಟೋ — ಎಲ್ಲದಕ್ಕೂ ಒಳಗೆ ಎಸ್‌ಆರ್‌ಜಿಬಿ ಒಂದೇ ಅಳತೆ. ಪರದೆಗೆ ಹೋಗುವ ಕಟ್ಟಕಡೆಯ ಹೆಜ್ಜೆಯಲ್ಲಿ ಒಂದೇ ಸಲ ಬದಲಾವಣೆ. ಮ್ಯಾಕ್ ಇದ್ದರೆ ಆ ಹೆಜ್ಜೆಯೂ ಬೇಡ, ವ್ಯವಸ್ಥೆಗೇ ಬಿಡುವುದು. ಕಣ್ಣಿನ ಮೇಲೆ ನಂಬಿಕೆ ಇಡದೆ, ಪರದೆಗೆ ಅಳತೆಯಂತ್ರ ತೂಗುಹಾಕಿ ಗ್ರೇಮ್ ಗಿಲ್ ಅವರ ಆರ್ಗಿಲ್ ತಂತ್ರಾಂಶದಿಂದ ಪ್ರತಿ ಮಾನಿಟರಿಗೂ ಪ್ರೊಫೈಲ್ ಮಾಡಿದೆವು. ಕುಂಕುಮ, ಭಂಡಾರ ಮತ್ತು ಬೂದು ಪಟ್ಟಿಗಳ ಒಂದು ಪುಟವನ್ನು ಮೂರೂ ಯಂತ್ರಗಳಲ್ಲಿ ತೆರೆದು ಅಳೆದಾಗ ಅಂಕಿಗಳು ಹತ್ತಿರ ಹತ್ತಿರ ಬಂದವು. ನನಗೆ ಆ ಟ್ರೆಡಲ್ ಮಷೀನಿನ ಹಿರಿಯರನ್ನು ಕರೆತಂದು ತೋರಿಸಬೇಕೆನಿಸಿತು. ಅವರು ಆಗಲೇ ತೀರಿಹೋಗಿದ್ದರು.

ಈ ಹೊರೆಯನ್ನು ಒಬ್ಬೊಬ್ಬ ಪ್ರೋಗ್ರಾಂ ಬರೆಯುವವನ ತಲೆಗೆ ಕಟ್ಟಿದ್ದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಅದು ಟೂಲ್‌ಕಿಟ್ ಮಾಡಬೇಕಾದ ಕೆಲಸ. ಕ್ಯೂಟಿಗೆ ಬಣ್ಣದ ಅಳತೆ ಹೇಳುವ ಸೌಲಭ್ಯ ಬಂದದ್ದು 2019ರ ಕೊನೆಗೆ, 5.14ನೇ ಆವೃತ್ತಿಯಲ್ಲಿ. ಚಿತ್ರ ತಿದ್ದುವ ಗಿಂಪ್‌ಗೋಸ್ಕರ ಹುಟ್ಟಿದ ಜಿಟಿಕೆ ಎಂಬ ಇನ್ನೊಂದು ಟೂಲ್‌ಕಿಟ್ ಕೂಡ 2024ರ 4.16ರಲ್ಲಷ್ಟೇ ಒಂದೊಂದು ಬಣ್ಣದ ಜೊತೆ ಅದರ ಅಳತೆಯನ್ನೂ ಒಯ್ಯತೊಡಗಿತು. ಲಿನಕ್ಸ್‌ನಲ್ಲಿ ಚಿತ್ರವನ್ನು ಪರದೆಗೆ ತಲುಪಿಸುವ ವೇಲ್ಯಾಂಡ್‌ಗೆ ಬಣ್ಣ ನಿರ್ವಹಣೆಯ ಪ್ರೊಟೊಕಾಲ್ ಸೇರಿದ್ದು 2025ರಲ್ಲಿ. ಎಸ್‌ಆರ್‌ಜಿಬಿ ಬಂದು ಮೂವತ್ತು ವರ್ಷ ಆಗುತ್ತ ಬಂದಿತ್ತು.

ಈಗ ಗಿರಾಕಿ ಅಂಗಡಿಗೇ ಬರುವುದಿಲ್ಲ. ನಮೂನೆ ವಾಟ್ಸ್ಆ್ಯಪಿನಲ್ಲಿ ಹೋಗುತ್ತದೆ. ಮೊಬೈಲಿನಲ್ಲಿ ಬಣ್ಣವನ್ನು 'ವಿವಿಡ್'ಗೆ ಇಟ್ಟವನು ಹಳದಿ ಕಂಡು ಖುಷಿಪಟ್ಟು ಒಪ್ಪಿಗೆ ಕೊಡುತ್ತಾನೆ, ಕಾಗದದ ಮೇಲೆ ಆ ಹೊಳಪು ಬರುವುದೇ ಸಾಧ್ಯವಿಲ್ಲ. ಹಾಗಾಗಿ ಮಡಗ್ಯಾಳದವರಿರಲಿ, ವಿಜಯಪುರದವರಿರಲಿ, ಭಂಡಾರ ಇರುವ ಕೆಲಸಕ್ಕೆ ಒಂದು ಹಾಳೆ ಅಚ್ಚು ಹಾಕಿ ಬಸ್ಸಿಗೆ ಕೊಡುತ್ತೇನೆ. ಬಿಸಿಲಲ್ಲಿ ಹಿಡಿದು ನೋಡಿ ಹೂಂ ಅಂದ ಮೇಲೆಯೇ ಮಷೀನು ಹಚ್ಚುವುದು.